ಕೂಗುವವನಿಗಿಂತ ಮೊದಲು ಸುಮ್ಮನಿರುವವನತ್ತ: ಆಂಬುಲೆನ್ಸ್ ಸಿಬ್ಬಂದಿ ಕಲಿಯುವ ರೋಗಿ ಪರೀಕ್ಷೆ

ರಸ್ತೆ ಅಪಘಾತದ ಸ್ಥಳಕ್ಕೆ ಆಂಬುಲೆನ್ಸ್ ಬಂದು ನಿಂತ ಕೂಡಲೇ ನೆರೆದ ಜನರು ಸಿಬ್ಬಂದಿಯನ್ನು ಕರೆದೊಯ್ಯುವುದು ಸಾಮಾನ್ಯವಾಗಿ ಅತಿ ಹೆಚ್ಚು ಕೂಗುತ್ತಿರುವ ಗಾಯಾಳುವಿನ ಬಳಿಗೆ. ಕಾಲು ಮುರಿದುಕೊಂಡವನ ನೋವು ಎಲ್ಲರಿಗೂ ಕಾಣುತ್ತದೆ, ಕೇಳುತ್ತದೆ. ಆದರೆ ಕೂಗುತ್ತಿದ್ದಾನೆ ಎಂದರೆ ಆತನ ಉಸಿರಿನ ದಾರಿ ಸದ್ಯಕ್ಕೆ ತೆರೆದಿದೆ, ಮೆದುಳಿಗೆ ರಕ್ತ ತಲುಪುತ್ತಿದೆ ಎಂದೇ ಅರ್ಥ. ಹತ್ತು ಮಾರು ದೂರದಲ್ಲಿ ಸದ್ದಿಲ್ಲದೆ ಬಿದ್ದಿರುವ ಇನ್ನೊಬ್ಬನ ವಿಷಯದಲ್ಲಿ ಇಷ್ಟನ್ನೂ ಹೇಳಲಾಗದು. ತುರ್ತು ವೈದ್ಯಕೀಯ ಸಿಬ್ಬಂದಿಯ ತರಬೇತಿಯಲ್ಲಿ ಮೊದಲು ಕಲಿಸಲಾಗುವುದು ಈ ಸಂಗತಿಯನ್ನೇ.

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭಗೊಂಡ ಆರೋಗ್ಯ ಕವಚ ಯೋಜನೆಯ ನಂತರ 108 ಎಂಬ ಸಂಖ್ಯೆ ಹಳ್ಳಿಹಳ್ಳಿಗೂ ಪರಿಚಿತವಾಯಿತು. ವಾಹನ ಎಷ್ಟು ನಿಮಿಷದಲ್ಲಿ ಬಂತು ಎಂಬುದೇ ಸಾರ್ವಜನಿಕ ಚರ್ಚೆಯ ವಿಷಯವಾಗುತ್ತದೆ. ಬಂದವರು ರೋಗಿಯನ್ನು ಹೇಗೆ ನೋಡಿದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲನೆಯದು ಸ್ಥಳದ ಸುರಕ್ಷತೆ. ಹರಿದ ವಿದ್ಯುತ್ ತಂತಿ, ಸೋರುವ ಇಂಧನ, ವೇಗವಾಗಿ ಬರುವ ವಾಹನಗಳನ್ನು ಗಮನಿಸದೆ ಮುನ್ನುಗ್ಗಿದರೆ ಗಾಯಾಳುಗಳ ಸಂಖ್ಯೆ ಹೆಚ್ಚುತ್ತದೆ ಅಷ್ಟೆ. ರಕ್ತ ಚಿಮ್ಮುತ್ತಿದ್ದರೆ ಅದನ್ನು ತಕ್ಷಣ ಒತ್ತಿ ಹಿಡಿಯಬೇಕು. ಅನಂತರ ಪ್ರಜ್ಞೆಯ ಮಟ್ಟ: ತಾನಾಗಿ ಎಚ್ಚರವಾಗಿದ್ದಾನೆಯೇ, ಕರೆದರೆ ಓಗೊಡುತ್ತಾನೆಯೇ, ನೋವಿಗಷ್ಟೇ ಸ್ಪಂದಿಸುತ್ತಾನೆಯೇ, ಯಾವುದಕ್ಕೂ ಇಲ್ಲವೇ. ಮುಂದೆ ಉಸಿರಿನ ದಾರಿ, ಉಸಿರಾಟ, ರಕ್ತಪರಿಚಲನೆ. ಒಂದು ಹಂತದಲ್ಲಿ ಪ್ರಾಣಾಪಾಯ ಕಂಡರೆ ಅದನ್ನು ಸರಿಪಡಿಸದೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ.

ಇಲ್ಲಿ ಕಿವಿಯೂ ಒಂದು ಉಪಕರಣ. ಪ್ರಜ್ಞೆಯಿಲ್ಲದವನು ಗೊರಕೆ ಹೊಡೆಯುತ್ತಿದ್ದರೆ ‘ಪಾಪ, ನಿದ್ದೆ ಬಂದಿದೆ’ ಎಂದು ಸುತ್ತಲಿನವರು ಸಮಾಧಾನಪಟ್ಟುಕೊಳ್ಳುವುದುಂಟು. ನಿಜದಲ್ಲಿ ನಾಲಿಗೆ ಹಿಂದಕ್ಕೆ ಸರಿದು ಗಂಟಲನ್ನು ಮುಚ್ಚುತ್ತಿರುವ ಸದ್ದು ಅದಾಗಿರಬಹುದು. ಗೊಳಗೊಳ ಸದ್ದಾದರೆ ರಕ್ತವೋ ವಾಂತಿಯೋ ಗಂಟಲಲ್ಲಿ ತುಂಬಿದೆ ಎಂದರ್ಥ.

ನಾಡಿಯನ್ನು ಹೆಬ್ಬೆರಳಿನಿಂದ ನೋಡಬಾರದು, ಏಕೆಂದರೆ ಹೆಬ್ಬೆರಳಿನದೇ ಮಿಡಿತ ಲೆಕ್ಕವನ್ನು ಕೆಡಿಸಬಹುದು. ಉಸಿರನ್ನು ಎಣಿಸುತ್ತಿದ್ದೇವೆ ಎಂದು ರೋಗಿಗೆ ಹೇಳಲೂಬಾರದು. ತಿಳಿದ ಕ್ಷಣದಲ್ಲೇ ಉಸಿರಾಟದ ಗತಿ ಬದಲಾಗುತ್ತದೆ. ಆದ್ದರಿಂದ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡುವವರಂತೆಯೇ ಇದ್ದು, ಕಣ್ಣಿನಿಂದ ಎದೆಯ ಏರಿಳಿತವನ್ನು ಎಣಿಸುವುದನ್ನು ರೂಢಿಸಲಾಗುತ್ತದೆ.

ಹೊಸಬರನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ರಕ್ತದೊತ್ತಡ. ಬೈಕಿನಿಂದ ಬಿದ್ದ ಯುವಕನಿಗೆ ಹೊರಗೆ ಗಾಯವಿಲ್ಲ, ರಕ್ತದೊತ್ತಡ 120/80. ಗಾಬರಿಪಡಬೇಕಾಗಿಲ್ಲ ಎನಿಸುತ್ತದೆ. ಆದರೆ ವಯಸ್ಕರ ದೇಹದಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಶೇ 30ರಷ್ಟು ಹೊಟ್ಟೆಯೊಳಗೇ ಸೋರಿಹೋಗುವವರೆಗೂ ಆರೋಗ್ಯವಂತ ಯುವಕರ ರಕ್ತದೊತ್ತಡ ಕುಸಿಯದೆ ಇರಬಹುದು. ರಕ್ತನಾಳಗಳು ಕುಗ್ಗಿ, ಹೃದಯ ವೇಗವಾಗಿ ಬಡಿದು ಅದನ್ನು ಎತ್ತಿ ಹಿಡಿದಿರುತ್ತವೆ. ಹೀಗಾಗಿ ನೂರು ದಾಟಿದ ನಾಡಿ, ತಣ್ಣಗೆ ಬೆವೆತ ಚರ್ಮ, ಕಾರಣವಿಲ್ಲದ ಚಡಪಡಿಕೆ ಇವೇ ಮೊದಲ ಸೂಚನೆಗಳು. ರಕ್ತದೊತ್ತಡ ಬೀಳುವುದನ್ನು ಕಾದವರು ಬಹಳ ತಡವಾಗಿ ಎಚ್ಚೆತ್ತಂತೆ.

ಕಾಯಿಲೆಯ ಪ್ರಕರಣಗಳಲ್ಲಿ ಪ್ರಶ್ನೆಗಳೇ ಅರ್ಧ ಪರೀಕ್ಷೆ. ಅಲರ್ಜಿ ಇದೆಯೇ, ಯಾವ ಮಾತ್ರೆ ಸೇವಿಸುತ್ತಾರೆ, ಕೊನೆಯ ಊಟ ಯಾವಾಗ, ತೊಂದರೆ ಶುರುವಾದಾಗ ಏನು ಮಾಡುತ್ತಿದ್ದರು ಎಂದು ವಿಚಾರಿಸಲಾಗುತ್ತದೆ. ಪಾರ್ಶ್ವವಾಯು ಶಂಕೆಯಿದ್ದಾಗ ‘ಯಾವಾಗ ಶುರುವಾಯಿತು’ ಎಂದಷ್ಟೇ ಕೇಳಿದರೆ, ನಸುಕಿನಲ್ಲಿ ಎದ್ದಾಗ ಕಂಡೆವು ಎಂಬ ಉತ್ತರ ಬರುತ್ತದೆ. ಅವರು ಸರಿಯಾಗಿದ್ದುದನ್ನು ಕೊನೆಯ ಬಾರಿ ನೋಡಿದ್ದು ಯಾವಾಗ ಎಂಬುದೇ ಸರಿಯಾದ ಪ್ರಶ್ನೆ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಿದ್ದು, ಆ ಲೆಕ್ಕ ಆರಂಭವಾಗುವುದು ಅಲ್ಲಿಂದ. ರಕ್ತದ ಸಕ್ಕರೆ ತೀರಾ ಇಳಿದಾಗಲೂ ಪಾರ್ಶ್ವವಾಯುವಿನಂತಹ ಲಕ್ಷಣಗಳು ಕಾಣುವುದರಿಂದ ಗ್ಲುಕೋಮೀಟರ್ ಪರೀಕ್ಷೆ ಬಿಡುವಂತಿಲ್ಲ.

ಗ್ರಾಮೀಣ ಭಾಗದಲ್ಲಿ ಇನ್ನೆರಡು ಸನ್ನಿವೇಶಗಳಿಗೆ ಸಿದ್ಧವಿರಬೇಕು. ಆರ್ಗನೋಫಾಸ್ಫೇಟ್ ಕೀಟನಾಶಕ ಸೇವಿಸಿದವರಲ್ಲಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿ, ಬಾಯಲ್ಲಿ ಜೊಲ್ಲು, ಮೈತುಂಬ ಬೆವರು ಕಾಣುತ್ತದೆ. ನೆಲದ ಮೇಲೆ ಮಲಗಿದ್ದವರಿಗೆ ಕಟ್ಟುಹಾವು ಕಚ್ಚಿದರೆ ನೋವು, ಊತ ಇಲ್ಲದಿರುವುದೇ ಹೆಚ್ಚು. ಬೆಳಗಿನ ಹೊಟ್ಟೆನೋವು ಮತ್ತು ಜೋಲುವ ಕಣ್ಣುರೆಪ್ಪೆಗಳನ್ನು ಕಂಡು ಹಾವನ್ನು ಶಂಕಿಸಬಲ್ಲವರೇ ಉಸಿರು ನಿಲ್ಲುವ ಮುನ್ನ ಆಸ್ಪತ್ರೆಗೆ ಮುಟ್ಟಿಸಿಯಾರು.

ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಕಲಿಯುವವರು ಪರಸ್ಪರರ ನಾಡಿ ಹಿಡಿದು, ಒಬ್ಬರು ರೋಗಿಯಂತೆ ನಟಿಸಿ ಮತ್ತೊಬ್ಬರು ಪರೀಕ್ಷಿಸಿ, ಕ್ರಮ ಕೈಗೆ ಅಂಟುವವರೆಗೆ ಅಭ್ಯಾಸ ಮಾಡಬೇಕಾಗುತ್ತದೆ. ಗದ್ದಲ, ಅಳು, ಕತ್ತಲೆಯ ನಡುವೆ ಯೋಚಿಸಿ ನೆನಪಿಸಿಕೊಳ್ಳಲು ಸಮಯ ಸಿಗದು.

ಒಮ್ಮೆ ನೋಡಿದರೆ ಸಾಲದು ಎಂಬುದನ್ನೂ ಒತ್ತಿ ಹೇಳಲಾಗುತ್ತದೆ. ಸ್ಥಿತಿ ಗಂಭೀರವಾಗಿದ್ದರೆ ಪ್ರತಿ 5 ನಿಮಿಷಕ್ಕೆ, ಸ್ಥಿರವಾಗಿದ್ದರೆ 15 ನಿಮಿಷಕ್ಕೊಮ್ಮೆ ಮರುಪರೀಕ್ಷೆ ನಡೆಯಬೇಕು. ನಾಡಿ 90 ಇದ್ದದ್ದು ಆಸ್ಪತ್ರೆಯ ಬಾಗಿಲಲ್ಲಿ 124 ಆಗಿದ್ದರೆ, ಸಮಯ ಸಹಿತ ಬರೆದಿಟ್ಟ ಆ ಎರಡು ಅಂಕಿಗಳು ಒಳಗೇನೋ ಸೋರುತ್ತಿರಬಹುದೆಂದು ವೈದ್ಯರಿಗೆ ತಿಳಿಸುತ್ತವೆ. ಮನೆಯವರು ಮಾತ್ರೆಯ ಚೀಟಿಯನ್ನೋ ಕೀಟನಾಶಕದ ಡಬ್ಬಿಯನ್ನೋ ಜೊತೆಗೆ ಕಳಿಸಿಕೊಟ್ಟರೆ ವೈದ್ಯರ ಕೆಲಸ ಇನ್ನಷ್ಟು ಬೇಗ ಆರಂಭವಾಗುತ್ತದೆ.