ಲಾಭವಿಲ್ಲದ ಇಪ್ಪತ್ತು ವರ್ಷ

ಹಳೇ ತರಗುಪೇಟೆಯ ಬೇಳೆಕಾಳಿನ ಮಂಡಿಯೊಂದರಲ್ಲಿ 2025ರ ಆಗಸ್ಟ್ 15ರ ಸಂಜೆ ಪುಟ್ಟ ಸಮಾರಂಭವೊಂದು ನಡೆಯಿತು. ಸ್ವಾತಂತ್ರ್ಯೋತ್ಸವದ ರಜೆಯಾದ್ದರಿಂದ ಬೀದಿಯಲ್ಲಿ ಲಾರಿಗಳ ಸಾಲಿರಲಿಲ್ಲ; ಹಮಾಲರ ಕೂಗೂ ಇರಲಿಲ್ಲ. ಅರ್ಧ ಎಳೆದ ಷಟರಿನ ಒಳಗೆ, ತೊಗರಿಬೇಳೆಯ ಮೂಟೆಗಳ ಮೇಲೆ ನಾವು ಹನ್ನೊಂದು ಮಂದಿ ಕುಳಿತಿದ್ದೆವು. ಸನ್ಮಾನ ಮಂಡಿಯ ಯಜಮಾನರಿಗೆ. ನಮ್ಮೆಲ್ಲರಿಗಿಂತ ಹಿರಿಯರಾದ ಅವರನ್ನು ನಾವು ಕರೆಯುವುದು ‘ಅಣ್ಣ’ ಎಂದೇ. ಅವರ ಸಾಧನೆಯೆಂದರೆ, ಫ್ಯಾಂಟಸಿ ಫುಟ್‌ಬಾಲ್ ಆಡುವ ನಮ್ಮ ಬಳಗದಲ್ಲಿ ಇಪ್ಪತ್ತು ವರ್ಷ ಎಡೆಬಿಡದೆ ಸದಸ್ಯರಾಗಿ ಉಳಿದದ್ದು.

ಇದಕ್ಕೂ ಒಂದು ಸನ್ಮಾನವೇ ಎಂದು ಓದುಗರು ಹುಬ್ಬೇರಿಸಿದರೆ ತಪ್ಪಿಲ್ಲ. ನನ್ನ ಮನೆಯಲ್ಲಿಯೇ ಈ ಪ್ರಶ್ನೆ ಎದ್ದಿತ್ತು.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇಂಗ್ಲೆಂಡಿನಲ್ಲಿ 1991ರಲ್ಲಿ ಆ್ಯಂಡ್ರ್ಯೂ ವೈನ್‌ಸ್ಟೀನ್ ಎಂಬಾತ ಇದಕ್ಕೊಂದು ವ್ಯಾಪಾರದ ರೂಪ ಕೊಟ್ಟ. ಅಲ್ಲಿನ ಪ್ರೀಮಿಯರ್ ಲೀಗ್ 2002ರಲ್ಲಿ ತನ್ನದೇ ಉಚಿತ ಆಟವನ್ನು ಅಂತರ್ಜಾಲದಲ್ಲಿ ತೆರೆಯಿತು. ಇಂದು ಜಗತ್ತಿನಾದ್ಯಂತ ಅದನ್ನು ಆಡುವವರ ಸಂಖ್ಯೆ ಒಂದು ಕೋಟಿಗೂ ಹೆಚ್ಚು. ಕಾಲ್ಪನಿಕವಾದ ಹತ್ತು ಕೋಟಿ ಪೌಂಡ್ ನಿಮ್ಮ ಬೊಕ್ಕಸ. ಅದರಲ್ಲಿ ಹದಿನೈದು ನಿಜವಾದ ಆಟಗಾರರನ್ನು ಕೊಳ್ಳಬೇಕು. ಒಂದೇ ಕ್ಲಬ್ಬಿನಿಂದ ಮೂವರನ್ನು ಮೀರುವಂತಿಲ್ಲ. ವಾರಾಂತ್ಯದ ಪಂದ್ಯಗಳಲ್ಲಿ ಅವರು ಹೊಡೆದ ಗೋಲು, ತಡೆದ ಗೋಲುಗಳಿಗೆ ತಕ್ಕಂತೆ ನಿಮಗೆ ಅಂಕ. ನೀವು ಹೆಸರಿಸಿದ ನಾಯಕನ ಅಂಕ ಇಮ್ಮಡಿ. ವಾರದ ಮೊದಲ ಪಂದ್ಯಕ್ಕೆ ಮುನ್ನ ತಂಡವನ್ನು ಸರಿಪಡಿಸಿಕೊಳ್ಳದಿದ್ದರೆ ಹಳೆಯ ತಂಡವೇ ಗತಿ.

ನಾವು ಇದನ್ನು ಆರಂಭಿಸಿದ್ದು 2005ರ ಆಗಸ್ಟ್‌ನಲ್ಲಿ, ಚಾಮರಾಜಪೇಟೆಯ ಸೈಬರ್ ಕೆಫೆಯೊಂದರಲ್ಲಿ. ಅಣ್ಣನಿಗೆ ಗಣಕಯಂತ್ರದ ಪರಿಚಯ ಅಷ್ಟಕ್ಕಷ್ಟೆ. ಕಾಗದದ ಮೇಲೆ ತಂಡ ಬರೆದು ತರುತ್ತಿದ್ದರು. ಅದನ್ನು ಟೈಪು ಮಾಡುವ ಕೆಲಸ ನನ್ನದು. ಪರದೆಯ ಮೇಲಿನ ಲೆಕ್ಕವನ್ನು ಅವರು ಎಂದೂ ನಂಬಲಿಲ್ಲ. ಮಂಡಿಯ ಜಮಾ–ಖರ್ಚಿನ ಪುಸ್ತಕಗಳ ಪಕ್ಕದಲ್ಲಿಯೇ ಕೆಂಪು ಬಟ್ಟೆ ಹೊದಿಸಿದ ಇನ್ನೊಂದು ಪುಸ್ತಕವಿಟ್ಟು, ನಮ್ಮೆಲ್ಲರ ಅಂಕಗಳನ್ನು ವಾರವಾರವೂ ಅದರಲ್ಲಿ ಬರೆಯುತ್ತ ಬಂದರು.

ಇಪ್ಪತ್ತು ವರ್ಷಗಳಲ್ಲಿ ಅವರು ಬಳಗದ ಅಗ್ರಸ್ಥಾನಕ್ಕೇರಿದ್ದು ಒಮ್ಮೆ ಮಾತ್ರ, 2015–16ರಲ್ಲಿ. ಲೆಸ್ಟರ್ ಸಿಟಿ ಎಲ್ಲರನ್ನೂ ಬೆರಗುಗೊಳಿಸಿ ಲೀಗ್ ಗೆದ್ದ ವರ್ಷ ಅದು. ಕೇವಲ 55 ಲಕ್ಷ ಪೌಂಡಿಗೆ ಸಿಗುತ್ತಿದ್ದ ರಿಯಾದ್ ಮಹ್ರೆಜ್‌ನನ್ನು ಅಣ್ಣ ಮೊದಲ ವಾರವೇ ಕೊಂಡಿದ್ದರು. ಆತ ಆ ಋತುವಿನಲ್ಲಿ ಗಳಿಸಿದ್ದು 240 ಅಂಕ, ಉಳಿದೆಲ್ಲರಿಗಿಂತ ಹೆಚ್ಚು. ಗುಟ್ಟೇನೆಂದು ಕೇಳಿದರೆ, ಮೂಟೆಗೆ ಚುಚ್ಚಿ ಮಾದರಿ ಕಾಳು ತೆಗೆಯುವ ಕಬ್ಬಿಣದ ಕೊಳವೆಯನ್ನು ತೋರಿಸಿ ನಕ್ಕಿದ್ದರು. ಉಳಿದ ವರ್ಷಗಳಲ್ಲಿ ಅವರ ಸ್ಥಾನ ಆರರಿಂದ ಹತ್ತರ ನಡುವೆ.

ಅವರು ಹಾಕಿದ ನಿಯಮಗಳು ಎರಡು. ಮೊದಲನೆಯದು, ವರ್ಷಕ್ಕೊಮ್ಮೆಯಾದರೂ ನಮ್ಮ ಊರಿನ ಮೈದಾನದಲ್ಲಿ ಒಂದು ಪಂದ್ಯ ನೋಡಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು ಎಂಬುದು ನಮಗೆ ತಿಳಿದದ್ದು ಅಣ್ಣನಿಂದಲೇ. 2023ರಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ ಮಂಡಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು. ಎರಡನೆಯದು, ಆಟಕ್ಕೆ ಒಂದು ರೂಪಾಯಿಯನ್ನೂ ಕಟ್ಟುವಂತಿಲ್ಲ. ‘ದುಡ್ಡು ಇಟ್ಟ ದಿನ ಇದು ಆಟವಲ್ಲ, ವ್ಯಾಪಾರ. ವ್ಯಾಪಾರ ಮಾಡಲು ನನಗೆ ಅಂಗಡಿ ಇದೆಯಪ್ಪ’ ಎನ್ನುತ್ತಿದ್ದರು.

ಈ ಎರಡನೆಯ ನಿಯಮ ನಮಗೆ ಬಹುಕಾಲ ಹಳಬರ ಹಟದಂತೆ ಕಂಡಿತ್ತು. ಅದರ ಅರ್ಥ ತಿಳಿದದ್ದು 2023ರ ಏಪ್ರಿಲ್‌ನಲ್ಲಿ. ಬಳಗದ ಅತಿ ಕಿರಿಯ ಸದಸ್ಯನ ತಂಡ ಮೂರು ವಾರ ಬದಲಾಗಲಿಲ್ಲ. ಗಾಯಗೊಂಡು ಮೈದಾನದಿಂದ ಹೊರಗಿದ್ದವನೇ ನಾಯಕನಾಗಿ ಮುಂದುವರಿದಿದ್ದ. ನಾವು ಅದನ್ನು ಕಂಡು ತಮಾಷೆ ಮಾಡಿದೆವು. ಪುಸ್ತಕ ಬರೆಯುತ್ತಿದ್ದ ಅಣ್ಣ ಮಾತ್ರ ಮಂಡಿಗೆ ಬೇಗ ಬೀಗ ಹಾಕಿ ಆ ಹುಡುಗನ ಮನೆಗೆ ಹೋದರು. ಆತ ಹಣದ ಫ್ಯಾಂಟಸಿ ಕ್ರಿಕೆಟ್‌ಗೆ ಬಿದ್ದು, ಸಂಬಳ ಕಳೆದು, ಸಾಲ ಮಾಡಿ, ಯಾರಿಗೂ ಮುಖ ತೋರಿಸಲಾರದೆ ಕುಳಿತಿದ್ದ. ಅಣ್ಣ ಉಪದೇಶ ಮಾಡಲಿಲ್ಲವಂತೆ. ಸಾಲಗಳ ಪಟ್ಟಿ ಬರೆಸಿ, ಯಾವುದನ್ನು ಮೊದಲು ತೀರಿಸಬೇಕೆಂದು ಗುರುತು ಹಾಕಿ, ಅವನ ತಂದೆಯೊಡನೆ ತಾವೇ ಮಾತನಾಡಿದರು. ಹೊರಡುವಾಗ ಹೇಳಿದ್ದು ಇಷ್ಟೆ: ‘ಶನಿವಾರದೊಳಗೆ ನಾಯಕನನ್ನು ಬದಲಾಯಿಸು’.

ಕೌಶಲದ ಆಟ ಯಾವುದು, ಜೂಜು ಯಾವುದು ಎಂಬ ಚರ್ಚೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2021ರಲ್ಲಿ ಕರ್ನಾಟಕ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ನಮ್ಮ ಸಮಾರಂಭ ನಡೆದ ಮರುವಾರವೇ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಇಂಥ ಹಣದ ಆಟಗಳನ್ನೆಲ್ಲ ನಿಷೇಧಿಸುವ ಮಸೂದೆಗೆ ಒಪ್ಪಿಗೆ ನೀಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಕಾಯ್ದೆ ನ್ಯಾಯಾಲಯದ ಮೆಟ್ಟಿಲೇರಿತು. ವಾದ ಏನೇ ಇರಲಿ, ತಂಡ ಕಟ್ಟುವುದರಲ್ಲಿ ಕೌಶಲವಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಹುಡುಗನನ್ನು ಹಾಳುಮಾಡಿದ್ದು ಕೌಶಲದ ಕೊರತೆಯಲ್ಲ. ಅವನು ಆಡುತ್ತಿದ್ದ ಜಾಗದಲ್ಲಿ ಲಕ್ಷಾಂತರ ಜನರಿದ್ದರು; ಅವನು ಮೂರು ವಾರ ಕಾಣದಿದ್ದರೆ ಏಕೆಂದು ಕೇಳುವವರು ಒಬ್ಬರೂ ಇರಲಿಲ್ಲ. ಕಾನೂನು ಹಣದ ಆಟವನ್ನು ತಡೆಯಬಹುದು. ಬಾರದವನ ಮನೆಗೆ ಹೋಗಿ ಬಾಗಿಲು ತಟ್ಟುವ ಕೆಲಸವನ್ನು ಅದು ಮಾಡಲಾರದು.

ಆ ಸಂಜೆ ನಾವು ಶಾಲು ಹೊದಿಸಿದೆವು, ಹಾರ ಹಾಕಿದೆವು. ಹಳೆಯ ಪುಸ್ತಕ ತುಂಬಿದ್ದರಿಂದ ಕೆಂಪು ಬಟ್ಟೆಯ ಹೊಸ ಪುಸ್ತಕವನ್ನೇ ಉಡುಗೊರೆಯಾಗಿ ಕೊಟ್ಟೆವು. ಅದನ್ನು ಕೈಗಿತ್ತವನು ಆ ಕಿರಿಯ ಸದಸ್ಯನೇ. ಅವನ ಸಾಲ ಅದಾಗಲೇ ತೀರಿತ್ತು. ಭಾಷಣ ಮಾಡಿರೆಂದರೆ ಅಣ್ಣ ಒಪ್ಪಲಿಲ್ಲ. ಮೊದಲ ಪುಟದಲ್ಲಿ ‘ಶ್ರೀ’ ಎಂದು ಬರೆದು, ಹನ್ನೊಂದು ಹೆಸರುಗಳನ್ನೂ ಸಾಲಾಗಿ ಬರೆದರು. ಬಳಿಕ ಗಡಿಯಾರ ನೋಡಿ, ರಾತ್ರಿ ಹನ್ನೊಂದಕ್ಕೆ ಗಡುವು ಮುಗಿಯುತ್ತದೆ, ತಂಡ ಕಟ್ಟದವರು ಯಾರಾದರೂ ಇದ್ದೀರಾ ಎಂದು ವಿಚಾರಿಸಿದರು.

ಕೈ ಎತ್ತಿದವನು ನಾನೊಬ್ಬನೇ.