ಎರಡು ಕಾಲಿನ ಲೆಕ್ಕ

‘ಒಂಟಿಯಾಗಿರುವವನು ಅರೆ ಮನುಷ್ಯ, ಮದುವೆಯಾದರೆ ದಂಪತಿಗಳಿಬ್ಬರೂ ಸೇರಿ ಒಂದು, ಮುಪ್ಪಿನಲ್ಲಿ ಊರುಗೋಲು ಹಿಡಿದವನು ಮುಕ್ಕಾಲು.’ ಇಂಥದೊಂದು ಮಾತು ಕಿವಿಗೆ ಬಿದ್ದರೆ ನಗು ಬರುತ್ತದೆ. ಆ ನಗುವಿನ ಮೂಲವೆಲ್ಲಿ? ‘ಕಾಲು’ ಎಂಬ ಒಂದೇ ಪದದಲ್ಲಿ. ಕಾಲೆಂದರೆ ನಡೆಯುವ ಅವಯವ. ಕಾಲೆಂದರೆ ನಾಲ್ಕರಲ್ಲೊಂದು ಭಾಗವೂ ಹೌದು. ಎರಡು ಕಾಲು ಕೂಡಿದರೆ ಅರೆ, ನಾಲ್ಕು ಕೂಡಿದರೆ ಒಂದು, ಕೋಲನ್ನೂ ಕಾಲೆಂದೆಣಿಸಿದರೆ ಮುಕ್ಕಾಲು. ದೇಹದ ಲೆಕ್ಕವೂ ಗಣಿತದ ಲೆಕ್ಕವೂ ಇಲ್ಲಿ ತಾಳೆಯಾಗುತ್ತವೆ.

ಆಲಂಕಾರಿಕರು ಇದನ್ನು ಶ್ಲೇಷವೆನ್ನುತ್ತಾರೆ. ‘ಶ್ಲಿಷ್’ ಧಾತುವಿಗೆ ಅಪ್ಪಿಕೊಳ್ಳುವುದೆಂದರ್ಥ. ಪದವನ್ನು ಬೇರೆ ಬೇರೆ ರೀತಿಯಲ್ಲಿ ಒಡೆದಾಗ ಎರಡರ್ಥ ಹೊರಟರೆ ಅದು ಸಭಂಗ. ಒಡೆಯದೆಯೇ ಹೊರಟರೆ ಅಭಂಗ. ನಮ್ಮ ‘ಕಾಲು’ ಅಭಂಗಶ್ಲೇಷ.

ಆದರೆ ಎಲ್ಲ ಶ್ಲೇಷಗಳ ಅಪ್ಪುಗೆಯೂ ಒಂದೇ ಬಗೆಯದಲ್ಲ. ‘ತೊಡೆ’ ಎಂದರೆ ದೇಹದ ಒಂದು ಭಾಗ; ‘ಕಣ್ಣೀರು ತೊಡೆ’ ಎಂಬಲ್ಲಿ ಒರೆಸು ಎಂದರ್ಥ. ಈ ಅರ್ಥಗಳೆರಡರ ನಡುವೆ ನಂಟು ಕಾಣದು. ‘ಕಾಲಿ’ನಲ್ಲಿ ನಂಟು ಸ್ಪಷ್ಟ. ಹಸುವಿಗೆ ನಾಲ್ಕು ಕಾಲು. ಅವುಗಳಲ್ಲೊಂದು ನಾಲ್ಕನೆಯ ಒಂದು ಪಾಲು. ಸಂಸ್ಕೃತದ ‘ಪಾದ’ಕ್ಕೂ ಇವೆರಡೇ ಅರ್ಥಗಳಿವೆ, ಶ್ಲೋಕದ ನಾಲ್ಕನೆಯ ಒಂದು ಭಾಗ ಪಾದವೆನಿಸಿದ್ದು ಹೀಗೆ. ಪುರುಷಸೂಕ್ತ ವಿರಾಟ್ ಪುರುಷನನ್ನು ಸಾವಿರ ಪಾದಗಳುಳ್ಳವನೆಂದು ವರ್ಣಿಸಿ, ಮುಂದೆ ಸಕಲ ಜೀವಿಗಳೂ ಅವನ ಒಂದು ಪಾದವೆನ್ನುತ್ತದೆ. ಮೊದಲನೆಯದು ಅಂಗ, ಎರಡನೆಯದು ಅಂಶ. ಭಾಗವತದಲ್ಲಿ ಪರೀಕ್ಷಿತನು ಕಾಣುವ ಧರ್ಮವೃಷಭ ಒಂಟಿಕಾಲಿನಲ್ಲಿ ನಿಂತಿದೆ; ಕಲಿಯುಗದಲ್ಲಿ ಧರ್ಮ ಉಳಿದಿರುವುದು ಕಾಲುಭಾಗ ಮಾತ್ರ. ನಗೆಗೆ ಒದಗಿದ ಪದವೇ ಅಲ್ಲಿ ವ್ಯಥೆಗೂ ಒದಗಿದೆ.

ಈ ಶ್ಲೇಷವನ್ನು ಇಂಗ್ಲಿಷಿಗೆ ಒಯ್ಯಲಾಗದು. ಅಲ್ಲಿ ಕಾಲಿಗೊಂದು ಪದ, ಕಾಲುಭಾಗಕ್ಕೆ ಇನ್ನೊಂದು. ಅದಿರಲಿ, ಕನ್ನಡದಲ್ಲೇ ಅದರ ನೆಲೆ ಸಡಿಲವಾಗುತ್ತಿದೆ. 1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದು ಕಾಲು ರೂಪಾಯಿ 25 ಪೈಸೆಯಾಯಿತು. 2011ರ ಜೂನ್ 30ರಂದು ಆ ನಾಣ್ಯದ ಚಲಾವಣೆಯೂ ನಿಂತಿತು. ‘ಐದೂಕಾಲು’ ಎನ್ನುವ ಬದಲು ‘ಐದು ಹದಿನೈದು’ ಎನ್ನುವ ಮಕ್ಕಳಿಗೆ ಮೇಲಿನ ವಿನೋದವನ್ನು ವಿವರಿಸಬೇಕಾಗುತ್ತದೆ. ವಿವರಿಸಿದ ಮೇಲೆ ಅರ್ಥವಾದೀತು, ನಗು ಬಾರದು. ಶ್ಲೇಷ ಬದುಕುವುದು ಎರಡು ಅರ್ಥಗಳೂ ಬಳಕೆಯಲ್ಲಿರುವವರೆಗೆ. ಒಂದು ಬಿದ್ದುಹೋದರೆ ಭಾಷೆಯೂ ಅಷ್ಟರಮಟ್ಟಿಗೆ ಕುಂಟುತ್ತದೆ.