ಲಿನಕ್ಸ್ ಕರ್ನಲ್: ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಗಣಕಯಂತ್ರದ ಸ್ಮೃತಿಕೋಶ, ಕೀಲಿಮಣೆ, ತೆರೆ ಮೊದಲಾದ ಸಕಲ ಅಂಗಗಳನ್ನು ನಿಯಂತ್ರಿಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ನಮ್ಮ ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಇದೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು. ಆದರೆ ಓದಲು ದೊರೆತುದನ್ನೆಲ್ಲ ಬಳಸಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಯಂತ್ರವು ನಡೆಯುತ್ತಿರುವಾಗಲೇ ಕರ್ನಲ್ಲಿಗೆ ಸೇರಿಸಬಹುದಾದ ಭಾಗವನ್ನು ಮಾಡ್ಯೂಲ್ ಎನ್ನುವರು. ಹೊಸ ಉಪಕರಣವನ್ನು ನಡೆಸುವ ತಂತ್ರಾಂಶವು ಬಹುಮಟ್ಟಿಗೆ ಹೀಗೆಯೇ ಸೇರುತ್ತದೆ. ಕರ್ನಲ್ಲಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಸಹಸ್ರಾರು ಫಂಕ್ಷನ್‌ಗಳಿದ್ದರೂ ‘ಎಕ್ಸ್‌ಪೋರ್ಟ್ ಸಿಂಬಲ್’ ಎಂಬ ಗುರುತುಳ್ಳವು ಮಾತ್ರ ಮಾಡ್ಯೂಲಿಗೆ ದೊರೆಯುತ್ತವೆ. ದಾಸೋಹದ ಪಂಕ್ತಿಯಲ್ಲಿ ಬಡಿಸಿದುದು ಎಲ್ಲರಿಗೂ ಸಲ್ಲುತ್ತದೆ. ಉಗ್ರಾಣದಲ್ಲಿರುವುದನ್ನು ಉಗ್ರಾಣಿಯೇ ತೆಗೆದುಕೊಡಬೇಕು. ಗುರುತಿಲ್ಲದ ಹೆಸರನ್ನು ಕರೆಯುವ ಮಾಡ್ಯೂಲನ್ನು, ಸಂಕೇತವು ಅಪರಿಚಿತವೆಂದು ಹೇಳಿ ಕರ್ನಲ್ ನಿರಾಕರಿಸುತ್ತದೆ.

ಹೆಸರನ್ನು ಕೊಟ್ಟರೆ ಫಂಕ್ಷನ್ನಿನ ಸ್ಮೃತಿವಿಳಾಸವನ್ನು ತಿಳಿಸುವ ‘ಕಾಲ್‌ಸಿಮ್ಸ್ ಲುಕಪ್ ನೇಮ್’ ಎಂಬುದನ್ನು ಹಲವರು ಅಡ್ಡದಾರಿಯಾಗಿ ಬಳಸುತ್ತಿದ್ದರು. 2020ರಲ್ಲಿ ಬಂದ 5.7ನೆಯ ಆವೃತ್ತಿಯಲ್ಲಿ ಅದರ ಗುರುತನ್ನೇ ತೆಗೆಯಲಾಯಿತು. ಅನಂತರ ಕೆಲವರು, ಕರ್ನಲ್ಲಿನ ನಡೆಯನ್ನು ಪರೀಕ್ಷಿಸಲೆಂದು ಇರುವ ‘ಕೆ-ಪ್ರೋಬ್’ ಸೌಲಭ್ಯದ ಮೂಲಕ ವಿಳಾಸಗಳನ್ನು ಪಡೆಯತೊಡಗಿದರು.

ಸಾಧ್ಯವಾದ ಮಾತ್ರಕ್ಕೆ ಇದು ಕ್ಷೇಮವೆನಿಸದು. ಫಂಕ್ಷನ್ನಿನ ಸ್ವರೂಪವು ಮುಂದಿನ ಆವೃತ್ತಿಯಲ್ಲಿ ಬದಲಾಗಬಹುದು. ಗುರುತುಳ್ಳವೂ ಬದಲಾಗುವುದುಂಟು, ಆದರೆ ಅಲ್ಲಿ ಕಂಪೈಲರು ಎಚ್ಚರಿಸುತ್ತದೆ. ಬರಿಯ ವಿಳಾಸದಿಂದ ಕರೆದಾಗ ಆ ಎಚ್ಚರಿಕೆ ದೊರೆಯದು. ಚಿಕ್ಕ ಫಂಕ್ಷನ್ನನ್ನು ಕಂಪೈಲರು ಕರೆದ ಸ್ಥಳದಲ್ಲಿಯೇ ವಿಲೀನಗೊಳಿಸಿದರಂತೂ ಅದಕ್ಕೆ ಪ್ರತ್ಯೇಕ ವಿಳಾಸವೇ ಉಳಿಯದು. ಸಾಮಾನ್ಯ ತಂತ್ರಾಂಶವು ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಕರ್ನಲ್ಲಿನಷ್ಟೇ ಅಧಿಕಾರವುಳ್ಳ ಮಾಡ್ಯೂಲು ತಪ್ಪಿದರೆ ಇಡೀ ಯಂತ್ರವೇ ಸ್ತಬ್ಧವಾಗಬಹುದು, ಸಂಗ್ರಹಿಸಿದ ದಾಖಲೆಗಳೂ ಕೆಡಬಹುದು.

ಹಾಗಾದರೆ ಸರಿಯಾದ ಮಾರ್ಗವಾವುದು? ಮೊದಲು, ಅದೇ ಕೆಲಸಕ್ಕೆ ಗುರುತುಳ್ಳ ಬೇರೊಂದು ಫಂಕ್ಷನ್ ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ತನ್ನ ಮಾಡ್ಯೂಲನ್ನು ಕರ್ನಲ್ಲಿನ ನಿರ್ವಾಹಕರ ಪರಿಶೀಲನೆಗೆ ಒಪ್ಪಿಸಿ, ಅಗತ್ಯವನ್ನು ವಿವರಿಸಿ, ಗುರುತು ನೀಡುವಂತೆ ಕೋರಬೇಕು. ಕಲಿಕೆಗಾಗಿಯಾದರೆ ಪ್ರತ್ಯೇಕ ಯಂತ್ರದಲ್ಲಿ ತಾನೇ ಗುರುತು ಹಾಕಿ ಕರ್ನಲನ್ನು ಮರಳಿ ನಿರ್ಮಿಸಿಕೊಳ್ಳಬಹುದು; ಅದರ ಪರವಾನಗಿಯೇ ಈ ಸ್ವಾತಂತ್ರ್ಯವನ್ನಿತ್ತಿದೆ. ಆದರೆ ಪರರ ಯಂತ್ರದಲ್ಲಿ ನಡೆಯಬೇಕಾದ ಮಾಡ್ಯೂಲಿಗೆ ಅಡ್ಡದಾರಿ ಸಲ್ಲದು. ಗಣಕವಿದ್ಯೆಯನ್ನು ಬೋಧಿಸುವಾಗ ಕೌಶಲದೊಡನೆ ಈ ವಿವೇಕವನ್ನೂ ಮಕ್ಕಳಿಗೆ ಕಲಿಸುವುದು ಶಿಕ್ಷಕರ ಕರ್ತವ್ಯವಾಗಿದೆ.